ಕರೆದ ಹುಳದ ಗೆರೆ

ನಮ್ಮೂರಿನಲ್ಲಿ ತಡವಾಗಿ ಬಂದವರಿಗೆ ಯಾರೂ ಕಾರಣ ಕೇಳುವುದಿಲ್ಲ. ‘ಗೆರಿ ಬಿದ್ದಿತ್ತು’ ಅಂದರೆ ಮುಗಿಯಿತು. ಶಾಲೆಯ ಮಾಸ್ತರರು ಸುಮ್ಮನೆ ಹಾಜರಿ ಹಾಕುತ್ತಾರೆ, ಸೊಸೈಟಿಯ ಗುಮಾಸ್ತ ಮುಚ್ಚಿದ ಬಾಗಿಲು ತೆರೆದು ಸಕ್ಕರೆ ಅಳೆಯುತ್ತಾನೆ, ಉಣ್ಣದೆ ಕಾದು ಕುಳಿತ ಬೀಗರು ಮುನಿಸು ಬಿಟ್ಟು ಎಲೆ ಹಾಕಿಸುತ್ತಾರೆ. ಮಸಿಹುಳ ಮರಳಿನ ಮೇಲೆ ನಡೆದ ಜಾಡಿಗೆ ನಾವು ಗೆರೆ ಅನ್ನುತ್ತೇವೆ. ಗೆರೆಯನ್ನು ಯಾರೂ ದಾಟುವಂತಿಲ್ಲ. ಪೊರಕೆಯಿಂದ ಅಳಿಸುವಂತಿಲ್ಲ, ಬಾಯಿಂದ ಊದುವಂತಿಲ್ಲ. ಗಾಳಿಯೇ ಬಂದು ಅಳಿಸಬೇಕು. ನಮ್ಮಲ್ಲಿ ಗಾಳಿ ಏಳುವುದು ಹೊತ್ತು ನೆತ್ತಿಗೆ ಬಂದ ಮೇಲೆ.

ಮಸಿಹುಳ ಹೆಬ್ಬೆರಳಿನ ಉಗುರಿನಷ್ಟಿರುತ್ತದೆ. ಕಪ್ಪು ಮೈ, ಉದ್ದ ಕಾಲು. ಹಗಲಿನ ಬಿಸಿಲಿಗೆ ಗೋಡೆಯ ಬುಡದ ಮರಳಿನಲ್ಲಿ ಹೂತುಕೊಂಡಿದ್ದು, ನಸುಕಿನ ತಂಪಿಗೆ ಎದ್ದು ಹೊರಬೀಳುತ್ತದೆ. ಗಾಳಿ ತಂದು ಒಟ್ಟಿದ ಹುಲ್ಲಿನ ಚೂರು, ಹೊಟ್ಟು, ಸತ್ತ ಇರುವೆ, ಸಿಕ್ಕಿದ್ದನ್ನು ತಿನ್ನುತ್ತ ನಡೆದು ಬಿಸಿಲೇರುವ ಹೊತ್ತಿಗೆ ಇನ್ನೊಂದು ಗೋಡೆಯ ಬುಡ ಸೇರುತ್ತದೆ. ಒಮ್ಮೆಗೆ ಮೂರು ಕಾಲು ಎತ್ತಿ ಮೂರು ಕಾಲು ಊರುವುದರಿಂದ ಅದರ ಜಾಡು ಕೌದಿಗೆ ಹಾಕಿದ ಹೊಲಿಗೆಯ ಹಾಗೆ ಕಾಣುತ್ತದೆ. ಯಾವುದೋ ಕಾಲದಲ್ಲಿ ಬೀದಿಗೆ ಹಾಸುಗಲ್ಲು ಹಾಕಿಸಿದ್ದರಂತೆ. ಮರಳು ಬಂದು ಅದರ ಮೇಲೆ ಹಾಸಿಕೊಂಡು ಮಲಗಿತು, ಹುಳ ಮರಳಿನ ಮೇಲೆ ಮೊದಲಿನಂತೆಯೇ ನಡೆಯಿತು.

ಹೀಗಾಗಿ ನಮ್ಮೂರಿನ ಎಲ್ಲ ಮನೆಗಳಿಗೂ ಎರಡು ಬಾಗಿಲು. ಒಂದರ ಮುಂದೆ ಗೆರೆ ಬಿದ್ದರೆ ಇನ್ನೊಂದರಿಂದ ಹೋಗುತ್ತೇವೆ. ಗೆರೆ ತಡೆಯುವುದು ಕಾಲನ್ನು ಮಾತ್ರ, ವಸ್ತುವನ್ನಲ್ಲ, ಮಾತನ್ನಲ್ಲ. ಕಾಯಿಪಲ್ಲೆಯವಳು ಗೆರೆಯ ಆಚೆ ನಿಂತು ಬದನೆಕಾಯಿ ಎಸೆಯುತ್ತಾಳೆ, ಈಚೆಯವರು ಸೆರಗೊಡ್ಡಿ ಹಿಡಿಯುತ್ತಾರೆ. ಹಾಲಿನವನ ಹತ್ತಿರ ಮಾರುದ್ದ ಹಿಡಿಯ ಸವಟು ಇರುತ್ತದೆ. ಹುಳ ಇನ್ನೂ ನಡೆಯದ ಕಡೆ ಗೆರೆ ಇಲ್ಲವಲ್ಲ, ಅದಕ್ಕೇ ಅವಸರ ಇದ್ದವರು ಜಾಡಿನ ಪಕ್ಕದಲ್ಲೇ ಓಡಿ ಹುಳವನ್ನು ಹಿಂದೆ ಹಾಕಿ, ಅದರ ತಲೆಯ ಮುಂದಿನಿಂದ ಹಾದುಹೋಗುತ್ತಾರೆ. ಧೋತರ ಎತ್ತಿ ಕಟ್ಟಿ ಹುಳದ ಜೊತೆ ಪಂದ್ಯ ಕಟ್ಟಿದವರನ್ನು ನೋಡಿ ನಮ್ಮಲ್ಲಿ ಯಾರೂ ನಗುವುದಿಲ್ಲ.

ಒಂದೇ ಒಂದು ತಪ್ಪನ್ನು ಮಾತ್ರ ಊರು ಸಹಿಸುವುದಿಲ್ಲ. ಅದು ಹುಳ ಕರೆಯುವುದು. ಬೇಕೆಂದೇ ತಿನಿಸು ಚೆಲ್ಲಿ ಹುಳವನ್ನು ಬರಮಾಡಿಕೊಂಡು ಇನ್ನೊಬ್ಬರ ದಾರಿ ಕಟ್ಟಿಸಿದರೆ ಅದು ಗೆರೆಯೇ ಅಲ್ಲ. ಆದರೆ ಕರೆದವರು ತಮ್ಮ ಬಾಯಿಂದಲೇ ಒಪ್ಪಿಕೊಳ್ಳಬೇಕು. ಇನ್ನೊಬ್ಬರು ಅವರ ಹೆಸರು ಹೇಳಿದರೆ ಹೇಳಿದವರಿಗೇ ದೋಷ, ಗೆರೆ ಗೆರೆಯಾಗಿಯೇ ಉಳಿಯುತ್ತದೆ. ಒಪ್ಪಿಕೊಂಡವರಿಗೆ ಮುಂದಿನ ಮಳೆಯವರೆಗೆ ಊರಿನಲ್ಲಿ ಯಾರೂ ಏನನ್ನೂ ಎಸೆಯುವುದಿಲ್ಲ. ನಮ್ಮೂರಿನಲ್ಲಿ ಮುಂದಿನ ಮಳೆ ಯಾವಾಗ ಎಂದು ಕೇಳುವುದು ಅಪಶಕುನ.

ನಾನು ಹುಟ್ಟಿದ್ದು ಇದೇ ಊರಿನ ತೆಂಕಣ ಓಣಿಯಲ್ಲಿ, ಮದುವೆಯಾಗಿ ಬಂದದ್ದು ಬಡಗಣ ಓಣಿಗೆ. ಗಂಡ ಹಂಪಣ್ಣ ಗೋಡೆಗೆ ಮಣ್ಣು ಮೆತ್ತುವ ಕೆಲಸ ಮಾಡುತ್ತಿದ್ದ. ಮಾತು ಕಡಿಮೆ, ನಗು ಜಾಸ್ತಿ. ಮದುವೆಯಾದ ಎರಡನೆಯ ಬೇಸಿಗೆಗೆ ಜ್ವರ ಬಂದು ತೀರಿಕೊಂಡ. ಅವನ ದಿನಗಳು ಮುಗಿದ ಮೇಲೆ ನಮ್ಮ ಅತ್ತೆ ಗದಿಗೆವ್ವ ನನ್ನ ತವರಿನವರ ಮುಂದೆಯೇ, “ಈಕಿ ಓದು ಅರ್ಧಕ್ಕ ನಿಂತೈತಿ. ಮುಗಸಲಿ. ರೊಟ್ಟಿ ನಾ ಬಡೀತೀನಿ,” ಎಂದರು. ಅಂದ ಮಾತಿಗೆ ತಪ್ಪಲಿಲ್ಲ. ನಾನು ಇಮಾಮಸಾಬನ ಬಸ್ಸಿನಲ್ಲಿ ದಿನವೂ ಪಕ್ಕದೂರಿನ ಕಾಲೇಜಿಗೆ ಹೋಗಿ ಪ್ರಾಣಿಶಾಸ್ತ್ರದಲ್ಲಿ ಪದವಿ ಮುಗಿಸಿದೆ, ಆಮೇಲೆ ಅದರ ಮೇಲಿನದನ್ನೂ ಮುಗಿಸಿದೆ. ಆ ಕಾಲೇಜಿನಲ್ಲಿ ‘ಗೆರಿ ಬಿದ್ದಿತ್ತು’ ಅಂದರೆ ಹಾಜರಿ ಸಿಗುತ್ತಿರಲಿಲ್ಲ. ನಾನು ತಡವಾದ ದಿನಗಳೆಲ್ಲ ಅಲ್ಲಿ ಗೈರುಹಾಜರಿಗಳೇ.

ಓದಿದ್ದನ್ನೆಲ್ಲ ಸಂಜೆ ಅತ್ತೆಗೆ ಹೇಳುವುದು ರೂಢಿಯಾಗಿತ್ತು. ಅವರು ನವಣೆ ಕುಟ್ಟುತ್ತ ಕೇಳುತ್ತಿದ್ದರು. ಓಣಿಯವರೆಲ್ಲ ಜೋಳ ಉಂಡರೆ ನಮ್ಮ ಮನೆಯಲ್ಲಿ ನವಣೆ, ಅದು ಅವರ ತವರಿನ ರುಚಿ. ಮಸಿಹುಳದ ಬೆನ್ನಿನ ಎರಡು ಗಟ್ಟಿ ರೆಕ್ಕೆಗಳು ಒಂದಕ್ಕೊಂದು ಬೆಸೆದು ಮುಚ್ಚಳದ ಹಾಗೆ ಆಗಿವೆ ಎಂದು ನಾನು ವಿವರಿಸಿದ ದಿನ ಒನಕೆ ನಿಲ್ಲಿಸಿದರು.

“ಮತ್ತ ಹಾರೂದು ಹೆಂಗ?”

“ಹಾರೂದಿಲ್ರಿ. ಆ ಮುಚ್ಚಳದ ಕೆಳಗ ಒಂದೀಟು ಗಾಳಿ ಇರ್ತದ. ಉಸಿರಾಡೋ ತೂತು ಅದರೊಳಗ ತೆರೀತಾವ. ಹಂಗಾಗಿ ಮೈಯಾಗಿನ ನೀರು ಸುಮ್ಮಸುಮ್ಮನ ಆರಂಗಿಲ್ಲ.”

“ಅಂದ್ರ ಹಾರೂದು ಬಿಟ್ಟು ನೀರು ಇಟಗೊಂಡಾವ,” ಎಂದರು ಅತ್ತೆ. “ಶ್ಯಾಣ್ಯಾ ಅದಾವ ಬಿಡು.” ಸ್ವಲ್ಪ ಹೊತ್ತು ಕುಟ್ಟಿ ಮತ್ತೆ, “ಶ್ಯಾಣ್ಯಾನೂ ಹೌದು, ಪಾಪನೂ ಹೌದು,” ಎಂದರು.

ಮಸಿಹುಳ ವರ್ಷಗಟ್ಟಲೆ ಬದುಕುತ್ತದೆಂದು, ಅದರ ಮರಿ ಹಳದಿ ತಂತಿಯಂಥ ಹುಳುವಾಗಿ ಮರಳಿನೊಳಗೇ ಬೆಳೆಯುತ್ತದೆಂದು, ಗಂಡು ಹೊಟ್ಟೆಯನ್ನು ನೆಲಕ್ಕೆ ಬಡಿದು ಹೆಣ್ಣನ್ನು ಕರೆಯುತ್ತದೆಂದು ನಾನೇ ಹೇಳಿದ್ದೆ. ಯಾವ ತಿನಿಸಿಗೆ ಎಷ್ಟು ಬೇಗ ಬರುತ್ತದೆಂದು ಕಾಲೇಜಿನ ಹಿಂದಿನ ಬಯಲಿನಲ್ಲಿ ಪ್ರಯೋಗ ಮಾಡಿದ್ದನ್ನೂ ಹೇಳಿದ್ದೆ. ಬರೀ ತೌಡಾದರೆ ಗಾಳಿಗೆ ಹಾರಿ ಹೋಗುತ್ತದೆ. ಹುರಿದ ತೌಡಿಗೆ ಶೇಂಗಾ ಹಿಂಡಿ ಕಲಸಿದರೆ ನೆಲ ಹಿಡಿದು ಕೂರುತ್ತದೆ, ವಾಸನೆಗೆ ಹುಳಗಳು ದೂರದಿಂದಲೂ ಬರುತ್ತವೆ. ಅತ್ತೆ ಆವತ್ತು ತಲೆದೂಗಿದರು.

ಓದು ಮುಗಿದ ಮೇಲೆ ನನಗೆ ದೂರದ ಒಂದು ಊರಿನಲ್ಲಿ, ಅಲ್ಲಿನ ಸಂಗ್ರಹಾಲಯದ ಕೀಟಗಳನ್ನು ನೋಡಿಕೊಳ್ಳುವ ಕೆಲಸ ಸಿಕ್ಕಿತು. ಅಂಥ ಕೆಲಸ ಖಾಲಿಯಾಗುವುದೇ ಅಪರೂಪ. ಶನಿವಾರದೊಳಗೆ ಬಂದು ಸೇರದಿದ್ದರೆ ಇನ್ನೊಬ್ಬರಿಗೆ ಕೊಡುತ್ತೇವೆ ಎಂದಿದ್ದರು. ಅತ್ತೆಗೆ ಹೇಳಿದೆ. ಅವರು ಸಂತೋಷವೆಂದೂ ಅನ್ನಲಿಲ್ಲ, ಬೇಡವೆಂದೂ ಅನ್ನಲಿಲ್ಲ. ಪೆಟ್ಟಿಗೆಯ ಧೂಳು ಒರೆಸಿಕೊಟ್ಟರು. ನಾನು ಬುಧವಾರ ಹೊರಡುವುದೆಂದು ಗೊತ್ತು ಮಾಡಿದೆ. ನಮ್ಮೂರಿನಿಂದ ಹೊರಗೆ ಹೋಗುವ ಬಸ್ಸು ಒಂದೇ, ಇಮಾಮಸಾಬನದು. ಅದು ಓಣಿಯ ತುದಿಯ ಬೇವಿನ ಮರದ ಕೆಳಗೆ ನಿಂತು ಬೆಳಿಗ್ಗೆಯೇ, ಗಾಳಿ ಏಳುವುದಕ್ಕೆ ಬಹಳ ಮುಂಚೆ ಹೊರಟುಬಿಡುತ್ತದೆ.

ಬುಧವಾರ ಬೆಳಿಗ್ಗೆ ಪೆಟ್ಟಿಗೆ ಹಿಡಿದು ಬಾಗಿಲು ತೆರೆದೆ. ಹೊಸ್ತಿಲಿನ ಸುತ್ತ ಗೆರೆ. ಎಡಗಡೆ ಗೋಡೆಯ ಬುಡದಿಂದ ಹೊರಟು ಮೆಟ್ಟಿಲನ್ನು ಬಳಸಿಕೊಂಡು ಬಲಗಡೆ ಗೋಡೆಯ ಬುಡಕ್ಕೆ ಸೇರಿದ ಪೂರ್ತಿ ಕಮಾನು. ಒಂದರ ಮೇಲೊಂದು ಹತ್ತಾರು ಹುಳ ನಡೆದಿದ್ದವು. ಹಿತ್ತಲ ಬಾಗಿಲಿಗೆ ಓಡಿದೆ. ಅಲ್ಲಿಯೂ ಹಾಗೇ, ಆದರೆ ಕೊನೆಯ ಹುಳ ಇನ್ನೂ ನಡೆಯುತ್ತಿತ್ತು, ಉಳಿದವುಗಳ ಜಾಡನ್ನೇ ಹಿಡಿದು. ಮುಂಚಿನವು ದಾರಿ ಮುಚ್ಚಿಹೋದ ಮೇಲೆ ಅದೊಂದರ ತಲೆಯ ಮುಂದಿನಿಂದ ಹಾದು ಏನು ಪ್ರಯೋಜನ? ಬಸ್ಸು ಎರಡು ಸಲ ಕೂಗಿ ಹೊರಟುಹೋಯಿತು. ಎದುರು ಮನೆಯ ಕೋಟ್ರಮ್ಮ ತನ್ನ ಕಟ್ಟೆಯ ಮೇಲೆ ನಿಂತು, “ಹೋಗಲಿ ಬಿಡ ಸಾವಂತ್ರಿ, ನಾಳಿಗೇನು ಬಸ್ಸು ಸಾಯ್ತದೇನು?” ಎಂದಳು. ಗುರುವಾರವೂ ಅದೇ ಆಯಿತು. ಕೋಟ್ರಮ್ಮ ಈ ಸಲ ಸಮಾಧಾನ ಹೇಳಲಿಲ್ಲ, ಸೊಂಟಕ್ಕೆ ಕೈಯಿಟ್ಟು ಗೆರೆಯನ್ನು ಬಹಳ ಹೊತ್ತು ನೋಡಿ ಒಳಗೆ ಹೋದಳು.

ಎರಡು ಬಾಗಿಲಿಗೆ ಒಂದೇ ಮುಂಜಾವಿನಲ್ಲಿ ಗೆರೆ ಬಿದ್ದದ್ದನ್ನು ನಾನು ಹಿಂದೆಯೂ ನೋಡಿದ್ದೇನೆ. ಎರಡು ದಿನ ಒಂದೇ ಸಮನೆ, ಅದೂ ತಿನ್ನಲು ಏನೂ ಇಲ್ಲದ ಹೊಸ್ತಿಲಿಗೆ, ಅಷ್ಟೊಂದು ಹುಳ ಬಂದದ್ದನ್ನು ನೋಡಿರಲಿಲ್ಲ. ಗುರುವಾರ ಮಧ್ಯಾಹ್ನ ಗಾಳಿ ಬಂದು ಅಂಗಳ ಸಾಪಾದ ಮೇಲೆ ಮೆಟ್ಟಿಲಿನ ಬುಡದಲ್ಲಿ ಕುಳಿತು ಮರಳು ಕೆದಕಿದೆ. ಮೊದಲು ಬಂದ ಅನುಮಾನ ಕೋಟ್ರಮ್ಮನ ಮೇಲೆ. ನಾನು ಓದಿದ್ದು ಆಕೆಯ ಕಣ್ಣಿಗೆ ಎಂದೂ ಹಿಡಿಸಿರಲಿಲ್ಲ. ಕಲ್ಲಿನ ಮರೆಯಲ್ಲಿ, ಗಾಳಿ ತಾಗದ ಸಂದಿಯಲ್ಲಿ, ಒಂದು ಚಿಟಿಕೆ ಸಿಕ್ಕಿತು. ಬೆರಳಿಗೆ ಎಣ್ಣೆ ಅಂಟಿತು. ಶೇಂಗಾ ಹಿಂಡಿ. ಅದರೊಳಗೆ ಸಣ್ಣಗೆ, ಹಳದಿಯಾಗಿ, ಹುರಿದ ನವಣೆಯ ತೌಡು.

ಅತ್ತೆ ಪಡಸಾಲೆಯಲ್ಲಿ ಮೊರ ಹಿಡಿದು ಕುಳಿತಿದ್ದರು. ತಲೆ ಎತ್ತಲಿಲ್ಲ.

“ಏನು ಹುಡುಕಾಕತ್ತೀಯವಾ?”

“ಏನಿಲ್ರಿ ಅತ್ತಿ.”

“ಹಂಗಾರ ಕೈ ತೊಳಕೊಂಡು ಉಣ್ಣಾಕ ಬಾ. ಹಿಂಡಿ ಜಿಡ್ಡು ಬರೀ ನೀರಿಗೆ ಹೋಗಂಗಿಲ್ಲ, ಬೂದಿ ಹಚ್ಚಿ ತಿಕ್ಕು.”

ನನ್ನ ಬೆನ್ನು ಅವರ ಕಡೆಗಿತ್ತು. ಅಂಗೈಯಲ್ಲಿ ಏನಿದೆಯೆಂದು ಅವರಿಗೆ ಕಾಣುವಂತಿರಲಿಲ್ಲ.

ಬೂದಿ ಹಚ್ಚಿ ಕೈ ತೊಳೆದೆ. ಉಂಡೆವು. ಇಬ್ಬರೂ ಆ ಮಾತು ಎತ್ತಲಿಲ್ಲ. ನನಗೆ ಸಿಟ್ಟು ಬಂದಿತ್ತು, ಸುಳ್ಳೇಕೆ ಹೇಳಲಿ. ಬೇಡ ಅನ್ನಲು ಅವರಿಗೆ ಬಾಯಿ ಇತ್ತು. ಬೇಡ ಅಂದಿದ್ದರೆ ನಾನು ವಾದ ಮಾಡುತ್ತಿದ್ದೆ, ಅಳುತ್ತಿದ್ದೆ, ಏನೋ ಒಂದು ತೀರ್ಮಾನಕ್ಕೆ ಬರುತ್ತಿದ್ದೆ. ಆದರೆ ನಮ್ಮೂರಿನವರಿಗೆ ಅದೊಂದು ರೋಗ. ಹೇಳಲಾಗದ್ದನ್ನು ಹುಳದ ಕೈಯಲ್ಲಿ ಹೇಳಿಸುವುದು ನಮಗೆ ಹುಟ್ಟಿನಿಂದ ಅಭ್ಯಾಸ. ಸಾಲ ಕೇಳಲು ಬಂದವನಿಗೂ, ಇಷ್ಟವಿಲ್ಲದ ಸಂಬಂಧಕ್ಕೂ ‘ಗೆರಿ ಬಿತ್ತು’ ಅಂದು ತಪ್ಪಿಸಿಕೊಂಡವರೇ ಎಲ್ಲರೂ. ನಾನೂ ಅಂದಿದ್ದೇನೆ. ಅತ್ತೆ ಇನ್ನೊಂದು ಹೆಜ್ಜೆ ಮುಂದೆ ಹೋಗಿದ್ದರು, ಅಷ್ಟೇ. ನಾನು ಬೀದಿಗೆ ನಿಂತು ಅವರ ಹೆಸರು ಹೇಳಿದರೆ ಗೆರೆಯೂ ಅಳಿಯುವುದಿಲ್ಲ, ಅವರ ಮಾನವೂ ಉಳಿಯುವುದಿಲ್ಲ. ನಾನೇ ಕರೆದೆ ಎಂದು ಸುಳ್ಳು ಒಪ್ಪಿಕೊಳ್ಳಬಹುದಿತ್ತು. ಹಾಗೆ ಮಾಡಿದವರ ಕಥೆಯನ್ನು ನಾನು ಕೇಳಿಲ್ಲ. ಆದರೂ ಆ ಯೋಚನೆಯನ್ನು ಪೆಟ್ಟಿಗೆಯ ಜೊತೆ ಬಾಗಿಲ ಹತ್ತಿರವೇ ಇಟ್ಟುಕೊಂಡು ಸಂಜೆ ಬೇಗ ಮಲಗಿದೆ. ನನಗೆ ತಿಳಿದಿದೆಯೆಂದು ತಿಳಿದ ಮೇಲೆಯೂ ಅವರು ತೌಡು ಹಾಕುತ್ತಾರೋ ಇಲ್ಲವೋ, ಅದನ್ನು ಅವರಿಗೇ ಬಿಡಬೇಕೆಂದು ಅನ್ನಿಸಿತ್ತು.

ಶುಕ್ರವಾರ ಬೆಳಿಗ್ಗೆ ಚಳಿ ಇತ್ತು. ಅವತ್ತು ಹೊರಟರೆ ಮಾತ್ರ ಶನಿವಾರಕ್ಕೆ ಆ ಊರು ಮುಟ್ಟಬಹುದು. ಬಾಗಿಲು ತೆರೆದೆ. ಮುಂದಿನ ಬಾಗಿಲಿಗೆ ಒಂದೇ ಒಂದು ಗೆರೆ, ಒಂದೇ ಹುಳದ್ದು. ಅದು ಗೋಡೆಯಿಂದ ಗೋಡೆಗೆ ಕಮಾನು ಎಳೆದು ಮುಗಿಸಿ, ಮತ್ತೆ ತನ್ನ ಜಾಡನ್ನೇ ಹಿಡಿದು ಮೆಟ್ಟಿಲ ಸಂದಿಗೆ ಬಂದು ಮೂಸುತ್ತಿತ್ತು. ಹಿತ್ತಲಲ್ಲೂ ಒಂದು ನಡೆದು ಹೋಗಿತ್ತು. ನಾನು ಬಗ್ಗಿ ನೋಡಿದೆ. ಹೊಸ ತೌಡು ಇರಲಿಲ್ಲ, ಹೊಸ ಎಣ್ಣೆಯ ವಾಸನೆಯೂ ಇರಲಿಲ್ಲ. ಸಂದಿಯಲ್ಲಿ ನಾನು ಕೆದಕಿ ಉಳಿಸಿದ್ದ ಹಳೆಯ ಚೂರುಗಳನ್ನು ಹುಡುಕಿಕೊಂಡು ಬಂದಿತ್ತು ಹುಳ. ಅತ್ತೆ ರಾತ್ರಿ ಏನೂ ಹಾಕಿರಲಿಲ್ಲ. ನಿನ್ನೆಯ ಕರೆಗೆ ಅದು ಇವತ್ತು ಓಗೊಟ್ಟಿತ್ತು. ಹುಳ ಒಂದೇ ಇರಲಿ, ನೂರಿರಲಿ, ಗೆರೆ ಗೆರೆಯೇ.

ಬಸ್ಸು ಕೂಗಿತು. ನಾನು ಕದಲದೆ ನಿಂತದ್ದನ್ನು ಕಂಡು ಇಮಾಮಸಾಬ ಇಳಿದು ಬಂದ. ಗೆರೆಯ ಆಚೆ ನಿಂತು ಮೀಸೆ ಕೆರೆದುಕೊಂಡ.

“ಇವತ್ತೂ ಬಿದ್ದೈತಿ?”

“ಬಿದ್ದೈತಿ.”

“ಪೆಟ್ಟಿಗಿ ಎಸಿ ಅಂದ್ರ ಹಿಡೀತಿದ್ದೆ. ನಿನ್ನ ಎಸಿ ಅಂತ ಗದಿಗೆವ್ವಗ ಹೇಳಾಕ ಬರಂಗಿಲ್ಲಲ್ಲ,” ಎಂದ. ಬಸ್ಸಿನ ಕಿಟಕಿಯಿಂದ ಯಾರೋ ನಕ್ಕರು. ಅವನು ತಿರುಗಿ, “ಏ, ಸುಮ್ಕ ಕುಂದರ್ರಿ. ಇನ್ನೊಂದೀಟು ನಿಂದರ್ತೀನಿ,” ಎಂದು ಗದರಿದ.

ಆಗ ಕೋಟ್ರಮ್ಮ ಕಟ್ಟೆ ಇಳಿದು ಬಂದಳು. ಓಣಿಯ ನಡುವೆ ನಿಂತು, ನನ್ನ ಕಡೆ ನೋಡದೆ, ನಮ್ಮ ಮನೆಯ ಸೂರಿಗೆ ಹೇಳುವವಳ ಹಾಗೆ ಶುರು ಮಾಡಿದಳು.

“ಏನವಾ, ಹುಳಕ್ಕ ಇಡೀ ಊರು ಬಿಟ್ಟು ಇದೊಂದ ಮನಿ ತವರುಮನಿ ಆಗೇತೇನು? ಮೂರು ಮುಂಜಾನಿ, ಎರಡೂ ಬಾಗಲ! ನಾ ಯಾರ ಹೆಸರೂ ಹೇಳವಲ್ಲೆ. ಹೇಳಿ ನನ್ನ ನಾಲಿಗಿ ಯಾಕ ಕೆಡಿಸಿಕೊಳ್ಳಲಿ? ಆದ್ರ ಈ ಓಣ್ಯಾಗ ನವಣಿ ಕುಟ್ಟೋ ಒನಕಿ ಎಷ್ಟದಾವು ಅಂತ ಕಾಗಿನೂ ಬಲ್ಲದು.”

ಜನ ಸೇರತೊಡಗಿದ್ದರು. ಓದಿಗೆ ಬೇಕಿತ್ತು, ಪ್ರಯೋಗಕ್ಕೆ ನಾನೇ ಹಾಕಿದ್ದೆ ಎಂದುಬಿಡೋಣ ಎಂದು ಬಾಯಿ ತೆರೆದೆ. ಮಾತು ಹೊರಬರುವ ಮೊದಲೇ ಹಿಂದಿನಿಂದ ಬಳೆಯ ಸದ್ದಾಯಿತು. ಅತ್ತೆ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ನನ್ನನ್ನು ಪಕ್ಕಕ್ಕೆ ಸರಿಸಿ ಮೆಟ್ಟಿಲಿಗೆ ಬಂದರು.

“ಕೋಟ್ರಿ, ಸಾಕು ಮಾಡು. ಹುಳ ನಾ ಕರದಿದ್ದು.”

ಕೋಟ್ರಮ್ಮನಿಗೇ ಗಾಬರಿಯಾಯಿತು. “ಅಯ್ಯ ಯಕ್ಕಾ, ನಾ ಚಾಷ್ಟಿಗೆ ಅಂದ್ನಿ...”

“ಚಾಷ್ಟಿಗೆ ಯಾರರೆ ಒನಕಿ ಎಣಸ್ತಾರೇನು? ನವಣಿ ತೌಡು, ಶೇಂಗಾ ಹಿಂಡಿ, ಎರಡೂ ನಮ್ಮನಿವು. ಕಲಸಿದ ಕೈ ನಂದು. ಈ ಹುಡುಗಿಗೆ ಇದು ಗೊತ್ತಿಲ್ಲ.”

ಕೊನೆಯ ಮಾತನ್ನು ಅವರು ನನ್ನ ಮುಖ ನೋಡಿಯೇ ಹೇಳಿದರು. ನಾನು ತೆರೆದ ಬಾಯಿ ಮುಚ್ಚಿದೆ.

ದಂಡ ಏನೆಂದು ಎಲ್ಲರಿಗೂ ಗೊತ್ತಿತ್ತು, ಅದನ್ನು ಹೇಳಬೇಕಾದವರು ಯಾರೆಂದು ಮಾತ್ರ ಗೊತ್ತಿರಲಿಲ್ಲ. ಕಡೆಗೆ ಇಮಾಮಸಾಬ ಗಂಟಲು ಸರಿಮಾಡಿಕೊಂಡು, “ಮುಂದಿನ ಮಳಿ ಬರೂತನ ಗದಿಗೆವ್ವಗ ಯಾರೂ ಏನೂ ಎಸ್ಯಂಗಿಲ್ಲ,” ಎಂದ. ತಾನು ಅಂದದ್ದು ತನಗೇ ಸರಿಬರದವನ ಹಾಗೆ ನೆಲ ನೋಡಿದ.

“ಎಸ್ಯಂಗಿಲ್ಲ, ಖರೇ,” ಎಂದಳು ಕೋಟ್ರಮ್ಮ. ಅವಳ ದನಿ ಇನ್ನೂ ಜಗಳದ ದನಿಯೇ. “ಕೈಯಾಗ ಕೊಡಬಾರ್ದು ಅಂತ ಯಾವ ಹಿರ್ಯಾ ಹೇಳ್ಯಾನ? ಗೆರಿ ಬೀಳದ ದಿನ ನಾ ಬಂದು ಕೈಯಾಗ ಕೊಡ್ತೀನಿ. ಬಿದ್ದ ದಿನ ಆಕಿ ಉಪಾಸ ಇರಲಿ, ಮೈ ಇಳೀತದ.”

ಅತ್ತೆ ಮೆಟ್ಟಿಲು ಇಳಿದು ಗೆರೆಯ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತರು. ಕರೆದವರು ಒಪ್ಪಿಕೊಂಡ ಮೇಲೆ ಅದು ಗೆರೆಯಲ್ಲ, ಯಾರು ಬೇಕಾದರೂ ತುಳಿದು ಹೋಗಬಹುದು. ನಾನು ಪೆಟ್ಟಿಗೆ ಎತ್ತಿಕೊಂಡೆ. ಆದರೆ ಕಾಲು ಏಳಲಿಲ್ಲ. ನಡೆಯಲು ಕಲಿತ ದಿನದಿಂದ ದಾಟದ ಕಾಲು ಅದು, ನಿಯಮ ಬದಲಾಯಿತೆಂದು ಅದಕ್ಕೆ ಹೇಗೆ ತಿಳಿಯಬೇಕು? ನಾನು ನಿಂತದ್ದನ್ನು ನೋಡಿ ಅತ್ತೆ ಅಂಗೈಯನ್ನು ಮರಳಿನ ಮೇಲಿಟ್ಟು ಗೆರೆಯನ್ನು ಒರೆಸತೊಡಗಿದರು. ಹಿಟ್ಟು ಹರಡುವವರ ಹಾಗೆ, ಅವಸರವಿಲ್ಲದೆ. ಕೈ ಹತ್ತಿರ ಬಂದಾಗ ಹುಳ ತಲೆ ತಗ್ಗಿಸಿ ಹಿಂಭಾಗ ಎತ್ತಿ ನಿಂತಿತು. ಮುಟ್ಟಬೇಡಿ ಎಂದು ನಾನು ಕೂಗುವಷ್ಟರಲ್ಲಿ ಅದು ಹಿಂಭಾಗದಿಂದ ಕಟು ವಾಸನೆಯ ರಸ ಬಿಟ್ಟಿತ್ತು. ಅತ್ತೆ ಕೈ ಹಿಂದೆ ತೆಗೆಯಲಿಲ್ಲ. ಹುಳ ಕಾಲು ಮಡಚಿಕೊಂಡು ಸತ್ತಂತೆ ಮಗ್ಗುಲಾಯಿತು. ಅದನ್ನು ಅಲ್ಲಿಯೇ ಬಿಟ್ಟು, ಅದರ ಸುತ್ತಲಿನ ಮರಳನ್ನೂ ಸವರಿ ಎದ್ದರು. ಬೆರಳುಗಳ ಮೇಲೆ ಕಂದು ಕಲೆ. ಅದು ಬೂದಿಗೂ ಹೋಗುವುದಿಲ್ಲ, ಚರ್ಮ ಸವೆದೇ ಹೋಗಬೇಕು. ಅದನ್ನೂ ನಾನೇ ಹೇಳಿದ್ದೆ.

“ಬಾ,” ಎಂದರು. ನಾನು ನಡೆದೆ. ಪೆಟ್ಟಿಗೆಯ ಒಂದು ಕಿವಿ ಅವರು ಹಿಡಿದರು, ಇನ್ನೊಂದು ನಾನು. ಬೇವಿನ ಮರದವರೆಗೆ ಹೊತ್ತು ನಡೆದೆವು. ಅವರ ಕೈಯಿಂದ ಆ ಕಟುವಾದ ವಾಸನೆ ಬರುತ್ತಿತ್ತು. ಇಮಾಮಸಾಬ ಪೆಟ್ಟಿಗೆಯನ್ನು ಮೇಲಕ್ಕೆ ಹಾಕಿದ. ನಾನು ಅವರ ಕಾಲು ಮುಟ್ಟಿದೆ. ಬಸ್ಸಿನ ಮೆಟ್ಟಿಲ ಮೇಲೆ ನಿಂತು, ಮನೆ ಬಿಡುವವರು ಅನ್ನಲೇಬೇಕಾದ ಮಾತನ್ನು ಅಂದೆ.

“ಹೋಗಿ ಬರ್ತೀನ್ರಿ ಅತ್ತಿ.”

“ಹೋಗು,” ಎಂದರು.

ನಾನು ಕಾದೆ. ಗೇರಿನ ಮೇಲೆ ಕೈಯಿಟ್ಟ ಇಮಾಮಸಾಬನೂ ಕಾದ. ನಮ್ಮಲ್ಲಿ ಬರೀ ‘ಹೋಗು’ ಅನ್ನುವುದು ಹೆಣಕ್ಕೆ, ಇಲ್ಲವೆ ಜಗಳವಾಡಿದವರಿಗೆ. ‘ಬಾ’ ಅನ್ನುವ ಅಕ್ಷರ ಅವರ ತುಟಿಯವರೆಗೆ ಬಂದದ್ದು ನನಗೆ ಕಾಣಿಸಿತು. ಅವರು ಅದನ್ನು ನುಂಗಿದರು.

“ಬರೂದು ಬಿಡೂದು ನಿನ್ನ ಕಾಲಿಗೆ ಬಿಟ್ಟದ್ದು. ನಾ ಇನ್ನ ಕರಿಯಂಗಿಲ್ಲ,” ಎಂದು ಇಮಾಮಸಾಬನ ಕಡೆ ತಿರುಗಿದರು. “ಏನು ನೋಡ್ತೀಯೋ? ಹೊಡಿ ಬಸ್ಸು. ನನಗೂ ಕೆಲಸ ಅದಾವು.”

ಬಸ್ಸು ಅಲುಗಿತು. ಅವರು ನಿಂತು ನೋಡಲಿಲ್ಲ. ಒಲೆಯ ಮೇಲೆ ಹಾಲು ಇಟ್ಟು ಬಂದಿದ್ದರು.